ಚೀಟಿಯ ಹಿಂಬದಿ

ನಮ್ಮ ಅಂಗಡಿಯಲ್ಲಿ ಪ್ರತಿ ಪಾತ್ರೆಗೂ ಎರಡು ಬೆಲೆ.
ಚೀಟಿಯ ಮುಂದೆ ಚನ್ನರಾಯಪಟ್ಟಣಕ್ಕೆಲ್ಲ ಕಾಣುವ ಅಂಕಿ,
ಹಿಂದೆ ಪೆನ್ಸಿಲ್ಲಿನಲ್ಲಿ ಅಸಲು, ಅಕ್ಷರದ ವೇಷ ಹಾಕಿ.

ತಂದ ಸಾಲ ಮರೆಯಬೇಡ.
ಎಣಿಸಿ ನೋಡಿ, ಒಂಬತ್ತು ಅಕ್ಷರ, ಒಂದರಿಂದ ಒಂಬತ್ತು.
ಕೊಂಬು ದೀರ್ಘ ಕಿತ್ತು ಬರೆಯಬೇಕು,
ಸೊನ್ನೆಗೆ ಬರಿಯ ಚುಕ್ಕೆ.
ಎಪ್ಪತ್ತೊಂಬತ್ತರಲ್ಲಿ ಬ್ಯಾಂಕಿನ ಸಾಲ ಜೇಬಿನಲ್ಲಿಟ್ಟುಕೊಂಡು
ಹಾಸನದಿಂದ ಬರುವಾಗ ಬಸ್ಸಿನಲ್ಲೇ ಹೊಸೆದದ್ದಂತೆ
ನಮ್ಮಪ್ಪ ಪದ್ಮರಾಜಯ್ಯ.

ನಾನೂ ತಂಗಿಯೂ ಮಗ್ಗಿಗಿಂತ ಮೊದಲು ಕಲಿತದ್ದು ಇದನ್ನೇ.
ಸಾವಿರದ ಎಂಟುನೂರ ನಲವತ್ತರ ತಾಮ್ರದ ಹಂಡೆ
ನಮಗೆ ತಬಲ. ಬಡಿದು ಬೈಸಿಕೊಳ್ಳುತ್ತಿದ್ದೆವು.
ಮುನ್ನೂರ ಐವತ್ತೇಳರ ಕ್ಯಾರಿಯರ್ ಸಮಯ,
ಎಂಬತ್ತೊಂಬತ್ತರ ಜಾಲರಿ, ಪಾಪ, ಬಡ.

ಶ್ರಾವಣದ ಒಂದು ಶನಿವಾರ
ನುಗ್ಗೇಹಳ್ಳಿ ಅಂಗನವಾಡಿಯ ಜಯಶೀಲ ಬಂದಳು.
ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ.
ಮಿಕ್ಸಿ ಇಳಿಸಿದೆ, ಮೂರೂ ಜಾರು ತಿರುಗಿಸಿ ತೋರಿಸಿದೆ,
ಸದ್ದು ಕೇಳಿದಳು, ತೂಕ ನೋಡಿದಳು, ವಯರಿನ ಉದ್ದ ಅಳೆದಳು,
ಆಮೇಲೆ ಫೋನು ತೆಗೆದಳು.
"ಎರಡು ಸಾವಿರದ ನಾನೂರ ನಲವತ್ತೊಂಬತ್ತು.
ಬಾಗಿಲಿಗೇ ತಂದ್ಕೊಡ್ತಾರೆ.
ಇದಕ್ಕೆ ಸಮ ಮಾಡಿ ಅಕ್ಕ, ನಿಮ್ಮತ್ರಾನೇ ತಗೋತೀನಿ."

ಮನಸ್ಸಿನಲ್ಲೇ ಓದಿಕೊಂಡೆ: ದಲಲಡ.
ನಾಲಿಗೆ ತೊಡರಿ ಬಿದ್ದ ಹಾಗೆ.
ನಮ್ಮ ಚೀಟಿಯ ಹಿಂದೆ ಇದ್ದದ್ದು
ದರ, ಎರಡು ಚುಕ್ಕೆ.

ಎರಡು ಸಾವಿರದ ಆರುನೂರು ನಮಗೇ ಬಿದ್ದಿದೆ ಎಂದರೆ
ಯಾರು ನಂಬುತ್ತಾರೆ?
ತಕ್ಕಡಿ ಹುಟ್ಟಿದ ದಿನದಿಂದ
ಅಂಗಡಿಯವರು ಹೇಳುತ್ತಿರುವ ಮಾತು ಅದು.
ಏನನ್ನಿಸಿತೋ, ಚೀಟಿ ತಿರುಗಿಸಿದೆ.
ಸೇಲ್ಸ್ ಟ್ಯಾಕ್ಸಿನವರಿಗೂ ಬಿಡದ ಗುಟ್ಟನ್ನು
ಮಕ್ಕಳಿಗೆ ಅಆಇಈ ತಿದ್ದಿಸುವವಳಿಗೆ
ನಾನು ತಿದ್ದಿಸಿದೆ.

ಅಪ್ಪ ಚೊಂಬು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟರು.

ಅವಳು ಬೆರಳು ಮಡಿಚಿ ಎಣಿಸಿದಳು.
"ಅಯ್ಯೋ, ನಿಮಗೆ ಕೈಯಿಂದ ಹೋಗತ್ತಲ್ಲ ಅಕ್ಕ!"
ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ
ಅವಳ ಕೈ ಪಕ್ಕದ ಇಡ್ಲಿ ಪಾತ್ರೆಯ ಚೀಟಿಗೆ ಹೋಯಿತು.
"ಬ, ಲ, ಚುಕ್ಕೆ. ಎಂಟುನೂರ ನಲವತ್ತು.
ಮುಂದೆ ಸಾವಿರದ ನೂರೈವತ್ತಾ?"
"ಈ ಸೌಟು ತಡ. ಹತ್ತೊಂಬತ್ತು! ಮೂವತ್ತೈದಾ?"
ಗಟ್ಟಿಯಾಗಿ, ಅಂಗನವಾಡಿಯ ದನಿಯಲ್ಲಿ.
ಲೋಟ ನೋಡುತ್ತಿದ್ದ ಇಬ್ಬರು ಹೆಂಗಸರು
ಮೆಲ್ಲಗೆ ತಮ್ಮ ಲೋಟ ತಲೆಕೆಳಗು ಮಾಡಿದರು.

ಬಾಡಿಗೆ ಹೇಳಿದೆ, ಕರೆಂಟು ಹೇಳಿದೆ,
ಇಡ್ಲಿ ಪಾತ್ರೆ ನಾಲ್ಕು ವರ್ಷ ಕಾದು ಕೂತ ಬಡ್ಡಿ ಹೇಳಿದೆ.
ಹೇಳಿದಷ್ಟೂ ಸುಳ್ಳಿನ ಹಾಗೇ ಕೇಳಿಸಿತು, ನನಗೂ.

ಅವಳು ನಮ್ಮ ಸ್ಟೂಲಿನ ಮೇಲೆ ಕೂತೇ
ಫೋನಿನಲ್ಲಿ ಮಿಕ್ಸಿ ಒತ್ತಿದಳು.
"ತಪ್ಪು ತಿಳೀಬೇಡಿ" ಎಂದು ನೀರು ಕೇಳಿ ಕುಡಿದು
ಬಸ್ಸಿಗೆ ಓಡಿದಳು.

ಬಾಗಿಲೆಳೆಯುವಾಗ ಅಪ್ಪ ಅಂದದ್ದು ಇಷ್ಟೇ:
"ಸಾಲ ಮರೆಯಬೇಡ ಅಂತ ಬರೆದೆ,
ಬಾಯಿ ತೆರೆಯಬೇಡ ಅಂತಾನೂ ಸೇರಿಸಬೇಕಿತ್ತು."
ಆಮೇಲೆ ನಕ್ಕರು, ಕೆಮ್ಮು ಬರುವಷ್ಟು.

ಹೊಸ ಗುಟ್ಟು ಕಟ್ಟಲು ಕೂತೆ ಆ ರಾತ್ರಿ.
ಒಂಬತ್ತು ಅಕ್ಷರ, ಒಂದೂ ಮರುಕಳಿಸಬಾರದು,
ಅರ್ಥವೂ ಇರಬೇಕು.
ಆರನೆಯದಕ್ಕೆ ಬರುವಷ್ಟರಲ್ಲಿ ಮಾತು ಮುಗಿದುಹೋಗುತ್ತಿತ್ತು.
ಬಿಟ್ಟೆ. ಹಳೆಯ ಚೀಟಿಗಳು ಹಾಗೇ ಇವೆ.

ಮೊನ್ನೆ ಬಂದಿದ್ದಳು.
ಕುಕ್ಕರಿನ ರಬ್ಬರು ಬೇಕಿತ್ತು. ಫೋನಿನಲ್ಲಿ ಮೂರು ದಿನ,
ಬೇಳೆ ಅಷ್ಟು ಕಾಯುವುದಿಲ್ಲ.
ಕೇಳದೆಯೇ ಚೀಟಿ ತಿರುಗಿಸಿದಳು: ಮರ.
ಮುಂದೆ ಎಂಬತ್ತು.
ಐದು ಬಿಡ್ತೀನಿ, ಎಪ್ಪತ್ತೈದು ಕೊಡು ಎಂದೆ.
ನೋಟು ಚಾಚಿದವಳು ತಡೆದು
ಬೆರಳು ಮಡಿಚಿದಳು.

"ಅಕ್ಕಾ, ಯಮ!"

ಪರ್ಸಿನ ತಳ ತಡಕಿ
ಒಂದು ರೂಪಾಯಿ ಹುಡುಕಿ ಮೇಲಿಟ್ಟಳು,
ಮದುವೆಗೆ ಮುಯ್ಯಿ ಇಡುವ ಹಾಗೆ.